ಮಾವನ ಹದಿನೇಳನೆಯ ಅಧ್ಯಾಯ

ಚಿಕ್ಕಳಿಯ ಹೇಳಿದ ಸುಳ್ಳು ಎರಡೇ ಪದದ್ದು. ‘ನಾನೇ ಹಾಕಿದೆ’ ಅಂದಿದ್ದ, ಅಷ್ಟೆ.

ಹಾಕಿದ್ದು ಲಿನಕ್ಸ್, ಕಂಪ್ಯೂಟರನ್ನು ನಡೆಸುವ ಒಂದು ಸಿಸ್ಟಂ. ಮೂರು ತಿಂಗಳ ಹಿಂದೆ ಅವನ ಮನೆಯ ಕಂಪ್ಯೂಟರು ಬಸವನಹುಳು ನೋಡಿ ನಗುವಷ್ಟು ನಿಧಾನವಾಗಿತ್ತು. ಅವನು ಗುಮಾಸ್ತನಾಗಿರುವ ನೀರು ಸರಬರಾಜು ಕಚೇರಿಯ ಕಂಪ್ಯೂಟರ್ ವಿಭಾಗದ ಹೆಣ್ಣುಮಗಳು ಒಂದು ಭಾನುವಾರ ಬಂದು, ಪೆನ್‌ಡ್ರೈವ್ ಚುಚ್ಚಿ, ಮುಕ್ಕಾಲು ಗಂಟೆಯಲ್ಲಿ ಹೊಸ ಸಿಸ್ಟಂ ಕೂರಿಸಿ, ಒಂದು ಲೋಟ ಚಹಾ ಕುಡಿದು, ‘ಈ ಪೆನ್‌ಡ್ರೈವ್ ಇಟ್ಕೊಂಡಿರಿ ಸರ್, ಯಾವಾಗಲಾದ್ರೂ ಬೇಕಾಗತ್ತೆ’ ಎಂದು ಅವನ ಕೈಗೇ ಕೊಟ್ಟು ಹೋಗಿದ್ದಳು. ಹೆಂಡತಿ ಆ ದಿನ ತವರಿನಲ್ಲಿದ್ದಳು. ಸಂಜೆ ಬಂದವಳು ಕಂಪ್ಯೂಟರು ಗುಂಡಿ ಒತ್ತಿದ ಕೂಡಲೇ ಎದ್ದು ಕೂತದ್ದನ್ನು ನೋಡಿ, ‘ಯಾರ್ರೀ ಸರಿ ಮಾಡಿದ್ದು?’ ಅಂದಳು. ಅವಳ ಕಣ್ಣಲ್ಲಿ ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವನು ಎಂದೂ ಕಾಣದ ಒಂದು ಮಿಂಚಿತ್ತು. ಅವನೂ ಮನುಷ್ಯನೇ ತಾನೆ. ‘ನಾನೇ ಹಾಕಿದೆ’ ಅಂದುಬಿಟ್ಟ.

ಅವಳು ಅದನ್ನು ಅಮ್ಮನಿಗೆ ಹೇಳಿದಳು. ಅಮ್ಮ ಅಪ್ಪನಿಗೆ ಹೇಳಿದರು. ಅಪ್ಪ ‘ಹಂ’ ಅಂದು ಸುಮ್ಮನಾದರು. ಆದರೆ ಮಾವನವರು ಕೇಳಿಸಿಕೊಂಡದ್ದನ್ನು ಮರೆಯುವ ಪೈಕಿಯಲ್ಲ ಎನ್ನುವುದು ಒಂದು ಶನಿವಾರ ಬೆಳಗ್ಗೆ ಏಳೂವರೆಗೆ ಗೊತ್ತಾಯಿತು.

‘ಕಂಪ್ಯೂಟರ್ ಏಳ್ತಿಲ್ಲ’ ಎಂದರು ಮಾವ ಫೋನಿನಲ್ಲಿ. ‘ನಿನಗೆ ಆ ವಿದ್ಯೆ ಬರುತ್ತಂತಲ್ಲ. ಬಾ.’

ಮಾವ ಲಿಫ್ಟ್ ಮೆಕ್ಯಾನಿಕ್ ಆಗಿ ಮೂವತ್ತೆಂಟು ವರ್ಷ ದುಡಿದು ನಿವೃತ್ತರಾದವರು. ಊರಿನ ಎತ್ತರದ ಕಟ್ಟಡಗಳ ಲಿಫ್ಟುಗಳೆಲ್ಲ ಅವರ ಕೈಯಲ್ಲಿ ಹತ್ತಿ ಇಳಿದಿದ್ದವು. ಅವರು ಮಾತ್ರ ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿದ್ದರು. ಯಾರಾದರೂ ಕೇಳಿದರೆ ‘ಡಾಕ್ಟರು ಆಸ್ಪತ್ರೇಲಿ ಮಲಗ್ತಾರಾ?’ ಅನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಎರಡು ಬೆರಳಿನಲ್ಲಿ ಕುಟ್ಟಿ ಕುಟ್ಟಿ ಮೂರು ವರ್ಷದಲ್ಲಿ ತಮ್ಮ ಜೀವನದ ಕತೆ ಬರೆದಿದ್ದರು. ಇಪ್ಪತ್ತನಾಲ್ಕು ಅಧ್ಯಾಯ. ಹೆಸರು ‘ಮೇಲೆ ಕೆಳಗೆ ಮೂವತ್ತೆಂಟು ವರ್ಷ’. ಅದನ್ನು ತೆಗೆದುಕೊಂಡು ಹೋಗಲು ಅಂದು ಸಂಜೆ ಐದಕ್ಕೆ ಪ್ರೆಸ್ಸಿನವರು ಬರುವವರಿದ್ದರು. ಪ್ರೆಸ್ಸಿನವರ ಯಂತ್ರ ಆ ವಾರ ಬಿಡುವಾಗಿತ್ತು. ಅದು ತಪ್ಪಿದರೆ ಪಠ್ಯಪುಸ್ತಕಗಳ ಸುಗ್ಗಿ ಮುಗಿಯುವ ತನಕ, ಅಂದರೆ ಇನ್ನು ಐದು ತಿಂಗಳು, ಕಾಯಬೇಕಿತ್ತು.

ಚಿಕ್ಕಳಿಯ ಹೆಂಡತಿಯೊಂದಿಗೆ ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಒಳಗೆ ಹೋದಾಗ ದೊಡ್ಡಳಿಯ ಆಗಲೇ ಕೈಕಟ್ಟಿ ನಿಂತಿದ್ದ. ದೊಡ್ಡಳಿಯ ವಿಮಾ ಕಂಪನಿಯೊಂದರ ಮ್ಯಾನೇಜರು; ಕೈ ಕಟ್ಟಿಕೊಳ್ಳುವುದು ಅವನ ಅರ್ಧ ಕೆಲಸ. ಮಾವ ಅವನನ್ನು ‘ನೀವು’ ಅನ್ನುತ್ತಿದ್ದರು, ಚಿಕ್ಕಳಿಯನನ್ನು ‘ನೀನು’.

‘ನಾನು ಆಗಲೇ ನೋಡಿದೆ’ ಎಂದ ದೊಡ್ಡಳಿಯ. ‘ಹೋಗಿದೆ ಅದು. ನಮ್ಮ ಆಫೀಸಲ್ಲಾದ್ರೆ ಇದಕ್ಕೆಲ್ಲ ಜನ ಇದಾರೆ.’

ಪರದೆ ಕಪ್ಪಗಿತ್ತು. ಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ ಇಂಗ್ಲಿಷಿನ ಒಂದು ಸಾಲು, ಬೂಟ್ ಮಾಡಲು, ಅಂದರೆ ಏಳಲು, ಏನೂ ಸಿಗುತ್ತಿಲ್ಲ ಎನ್ನುವ ಅರ್ಥದ್ದು.

‘ಬೆಳಗ್ಗಿಂದ ಬೂಟು ಬೂಟು ಅಂತಿದೆ’ ಅಂದರು ಅತ್ತೆ. ‘ಈ ಮನೇಲಿ ಬೂಟು ಹಾಕೋರು ಯಾರಿದಾರೆ?’

‘ಮಾವ, ನಿನ್ನೆ ಏನಾದ್ರೂ ಮಾಡಿದ್ರಾ?’ ಎಂದು ಕೇಳಿದ ಚಿಕ್ಕಳಿಯ.

‘ಏನೂ ಮಾಡಿಲ್ಲ. ಸ್ವಲ್ಪ ಗುಡಿಸಿದೆ.’

‘ಗುಡಿಸಿದ್ದು ಅಂದ್ರೆ?’

‘ಒಳಗೆ ನಾನು ಮಾಡದೇ ಇರೋ ಫೋಲ್ಡರುಗಳು ಹತ್ತಿಪ್ಪತ್ತು ಬಿದ್ದಿದ್ವು. ಯಾವತ್ತೂ ತೆರೆದಿದ್ದಿಲ್ಲ. ಕಳಿಸೋ ಮುಂಚೆ ಚೊಕ್ಕಟವಾಗಿರಲಿ ಅಂತ ತೆಗೆದುಹಾಕಿದೆ. ಹಾಗೇ ಕೀಬೋರ್ಡಿಗೂ ಒಂದೆರಡು ಹನಿ ಎಣ್ಣೆ ಬಿಟ್ಟೆ. ಕಿರುಗುಟ್ತಿತ್ತು.’

ಲಿಫ್ಟಿನೊಳಗೆ ನಿಂತುಕೊಂಡೇ ಅದರ ಹಗ್ಗ ಬಿಚ್ಚಿದ ಹಾಗಾಯಿತಲ್ಲ ಅಂದುಕೊಂಡ ಚಿಕ್ಕಳಿಯ. ಬಾಯಿಬಿಟ್ಟು ಮಾತ್ರ, ‘ನೋಡ್ತೀನಿ. ಮೊದಲು ಒಂದ್ನಿಮಿಷ ಬಚ್ಚಲಿಗೆ ಹೋಗಿ ಬರ್ತೀನಿ’ ಅಂದ.

ಬಚ್ಚಲಿನ ನಲ್ಲಿ ಜೋರಾಗಿ ಬಿಟ್ಟು ಕಂಪ್ಯೂಟರ್ ವಿಭಾಗದವಳಿಗೆ ಫೋನ್ ಮಾಡಿದ. ರಜಾದಿನದ ನಿದ್ದೆಯಲ್ಲಿದ್ದ ಅವಳು ತಾಳ್ಮೆಯಿಂದ ಕೇಳಿಸಿಕೊಂಡಳು.

‘ಸಿಸ್ಟಂ ಮಾತ್ರ ಹೋಗಿರತ್ತೆ ಸರ್, ಫೈಲುಗಳು ಡಿಸ್ಕಲ್ಲೇ ಇರತ್ವೆ. ಆ ಪೆನ್‌ಡ್ರೈವ್ ಇದೆಯಲ್ಲ, ಅದರಿಂದ ಲೈವ್ ಆಗಿ ಏಳಿಸಿ. ಆಗ ಎಲ್ಲಾ ಪೆನ್‌ಡ್ರೈವಿಂದಲೇ ನಡೆಯತ್ತೆ, ಡಿಸ್ಕನ್ನ ಮುಟ್ಟಲ್ಲ. ಫೈಲು ಸಿಕ್ಕಿದ ಮೇಲೆ ಇನ್‌ಸ್ಟಾಲ್ ಯೋಚನೆ ಮಾಡೋಣ. ಅದೇನು, ಅಲ್ಲಿ ಮಳೆ ಬರ್ತಿದೆಯಾ?’

‘ಹೂಂ, ಜೋರು ಮಳೆ’ ಎಂದು ಪಿಸುಗುಟ್ಟಿ ಚಿಕ್ಕಳಿಯ ನಲ್ಲಿ ನಿಲ್ಲಿಸಿದ.

ಹೊರಗೆ ಬಂದು, ಯಾತಕ್ಕೂ ಇರಲಿ ಎಂದು ತಂದಿದ್ದ ಪೆನ್‌ಡ್ರೈವನ್ನು ಕಿಸೆಯಿಂದ ತೆಗೆದು ಕಂಪ್ಯೂಟರ್ ಪೆಟ್ಟಿಗೆಯ ಮುಂದುಗಡೆ ಚುಚ್ಚಿದ. ಗುಂಡಿ ಒತ್ತಿದ. ಕಪ್ಪು ಪರದೆ, ಬಿಳಿ ಸಾಲು. ಮತ್ತೊಮ್ಮೆ. ಅದೇ ಬೂಟು.

ಆ ಹೊತ್ತಿಗೆ ನಾಲ್ಕನೇ ಮಹಡಿಯ ಫ್ರಿಜ್ ರಿಪೇರಿಯವರು ಇಳಿದು ಬಂದರು. ಕೆಟ್ಟ ಯಂತ್ರದ ವಾಸನೆ ಅವರಿಗೆ ಎರಡು ಮಹಡಿ ದೂರದಿಂದಲೇ ಹತ್ತುತ್ತಿತ್ತು. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಕಿವಿ ಹಚ್ಚಿ ಆಲಿಸಿದರು.

‘ಗ್ಯಾಸ್ ಹೋಗಿದೆ’ ಅಂದರು.

‘ಇದರಲ್ಲಿ ಗ್ಯಾಸ್ ಇರಲ್ಲಣ್ಣ’ ಎಂದ ಚಿಕ್ಕಳಿಯ.

‘ಅದಕ್ಕೇ ನಡೀತಿಲ್ಲ.’

ಚಿಕ್ಕಳಿಯ ಮತ್ತೆ ಬಚ್ಚಲಿಗೆ ಹೋದ. ‘ಮುಂದುಗಡೆ ಚುಚ್ಚಬೇಡಿ ಸರ್, ಹಿಂದುಗಡೆ ಚುಚ್ಚಿ. ಆನ್ ಆಗ್ತಿದ್ದ ಹಾಗೆ ಎಫ್ ಹನ್ನೆರಡು ಒತ್ತಿ’ ಎಂದಳು ಅವಳು. ‘ಇನ್ನೂ ಮಳೆ ನಿಂತಿಲ್ವಾ?’

ಪೆಟ್ಟಿಗೆಯ ಹಿಂಭಾಗ ಮೇಜಿನಡಿಯ ಗೋಡೆಗೆ ಅಂಟಿಕೊಂಡಿತ್ತು. ಚಿಕ್ಕಳಿಯ ಮಂಡಿಯೂರಿ, ತಲೆ ಭುಜ ಮೇಜಿನ ಕೆಳಗೆ ತೂರಿಸಿ, ಮೂರು ವರ್ಷದ ದೂಳನ್ನು ಮೂಗಿಗೆ ತುಂಬಿಕೊಂಡು ತೂತು ಹುಡುಕಿದ. ಫ್ರಿಜ್ಜಿನವರು ಟಾರ್ಚ್ ಹಿಡಿದರು, ಬೆಳಕು ಅವನ ಕಣ್ಣಿಗೆ ಬೀಳುವ ಹಾಗೆ. ಹೆಂಡತಿ ‘ಬಲಕ್ಕೆ, ಬಲಕ್ಕೆ, ನಿಮ್ಮ ಬಲಕ್ಕಲ್ಲ, ನನ್ನ ಬಲಕ್ಕೆ’ ಎಂದು ದಾರಿ ತೋರಿಸಿದಳು. ಕೊನೆಗೆ ಚುಚ್ಚಿ ಎದ್ದಾಗ ತಲೆ ಮೇಜಿಗೆ ಬಡಿಯಿತು. ಚಹಾದ ಲೋಟ ಉರುಳಿತು. ಬಡಿದದ್ದು ಯಾರಿಗೂ ಕೇಳಿಸಲಿಲ್ಲ, ಉರುಳಿದ್ದು ಎಲ್ಲರಿಗೂ ಕೇಳಿಸಿತು.

ಈಗ ಎಫ್ ಹನ್ನೆರಡು. ಒತ್ತಿದರೆ ಗುಂಡಿ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಮಾವನ ಎಣ್ಣೆ ಕೆಲಸ ಮಾಡಿತ್ತು. ಮೂರನೇ ಸಲ ಬಚ್ಚಲಿಗೆ ನಡೆದ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಗಳಿಗೆ ಹೇಳುವುದು ಕೇಳಿಸಿತು: ‘ಪಾಪ, ಅಳಿಯಂದಿರಿಗೆ ಹೊಟ್ಟೆ ಸರಿ ಇಲ್ಲ ಕಣೇ. ನಿನ್ನೆ ಏನು ಹಾಕಿದ್ದೆ?’

ಹೊರಬಂದವನ ಕೈಗೆ ಉಪ್ಪು ಸಕ್ಕರೆ ಬೆರೆಸಿದ ನೀರಿನ ದೊಡ್ಡ ಲೋಟ ಬಂತು. ಅತ್ತೆ ಎದುರಿಗೇ ನಿಂತಿದ್ದರಿಂದ ಗಟಗಟ ಕುಡಿಯಬೇಕಾಯಿತು.

‘ಮಾವ’ ಎಂದ ಬಾಯಿ ಒರೆಸಿಕೊಳ್ಳುತ್ತ, ‘ಬೇರೆ ದಾರಿ ಇದೆ. ಆನ್ ಆಗ್ತಿದ್ದ ಹಾಗೆ ಡಿಲೀಟ್ ಒತ್ತಬೇಕು.’

ಮಾವ ಕುರ್ಚಿಯಿಂದ ಎದ್ದರು.

‘ನನ್ನ ಇಪ್ಪತ್ತನಾಲ್ಕು ಅಧ್ಯಾಯ ಒಳಗಿದೆ. ನೀನು ಡಿಲೀಟ್ ಒತ್ತುತೀನಿ ಅಂತೀಯ.’

‘ಅದು ಆ ಡಿಲೀಟ್ ಅಲ್ಲ ಮಾವ. ಗುಂಡಿ ಅದೇ, ಕೆಲಸ ಬೇರೆ. ಸೆಟಿಂಗ್ಸ್ ತೆರೆಯೋಕೆ.’

‘ನಾನು ಹೇಳಿರಲಿಲ್ವಾ?’ ಎಂದ ದೊಡ್ಡಳಿಯ. ಅವನು ಏನು ಹೇಳಿದ್ದ ಎನ್ನುವುದು ಯಾರಿಗೂ ನೆನಪಿರಲಿಲ್ಲ, ಆದರೂ ಎಲ್ಲರೂ ತಲೆಯಾಡಿಸಿದರು.

ಮಾವ ಚಿಕ್ಕಳಿಯನ ಕಡೆ ತಿರುಗಿದರು. ‘ನೋಡು’ ಎಂದರು. ‘ಲಿಫ್ಟ್ ನಿಂತ್ರೆ ನಮಗೆ ಕಲಿಸಿದ್ದು ಒಂದೇ. ಮೊದಲು ಒಳಗಿರೋರನ್ನ ಹೊರಗೆ ತೆಗಿ, ರಿಪೇರಿ ಆಮೇಲೆ. ನನ್ನ ಪುಸ್ತಕ ಹೊರಗೆ ಬರಬೇಕು, ಅಷ್ಟೆ. ಒತ್ತು.’

ಚಿಕ್ಕಳಿಯ ಒತ್ತಿದ. ಅತ್ತೆ ಕಣ್ಣು ಮುಚ್ಚಿಕೊಂಡರು. ನೀಲಿ ಬಣ್ಣದ ಪರದೆ ಬಂತು. ಯಾವುದರಿಂದ ಮೊದಲು ಏಳಬೇಕು ಎನ್ನುವ ಪಟ್ಟಿ ಅದರಲ್ಲಿತ್ತು. ಪೆನ್‌ಡ್ರೈವನ್ನು ಮೇಲಕ್ಕೆ ತಂದು, ಉಳಿಸಿ, ಹೊರಬಂದ. ಪೆನ್‌ಡ್ರೈವಿನ ದೀಪ ಮಿನುಗತೊಡಗಿತು. ಪಟ್ಟಿಯೊಂದು ಕಾಣಿಸಿತು. ಮೊದಲನೆಯದನ್ನು ಆರಿಸಿದ. ಪರದೆ ಒಂದು ಗಳಿಗೆ ಬೆಳಗಿ, ಪೂರ್ತಿ ಕತ್ತಲಾಯಿತು. ಈ ಸಲ ಬೂಟೂ ಇರಲಿಲ್ಲ.

‘ಕಂಪ್ರೆಸರ್’ ಎಂದರು ಫ್ರಿಜ್ಜಿನವರು ವಿಷಾದದಿಂದ.

ನಾಲ್ಕನೇ ಸಲ ಬಚ್ಚಲಿಗೆ ಹೋಗಲು ಚಿಕ್ಕಳಿಯನಿಗೆ ಧೈರ್ಯ ಬರಲಿಲ್ಲ, ಏಕೆಂದರೆ ಅತ್ತೆಯ ಕೈಯಲ್ಲಿ ಎರಡನೇ ಲೋಟ ಸಿದ್ಧವಾಗಿತ್ತು. ಬಾಲ್ಕನಿಗೆ ಹೋಗಿ ಒಣಹಾಕಿದ್ದ ಹೊದಿಕೆಯ ಹಿಂದೆ ನಿಂತು ಫೋನಿನಲ್ಲಿ ಕೇಳಿದ. ‘ಪಟ್ಟೀಲಿ ಎರಡನೇದು ಆರಿಸಿ ಸರ್, ಹಳೇ ಪರದೆಗಳಿಗೆ ಅದೇ ಸರಿ’ ಎಂದಳು ಅವಳು.

ಎರಡನೆಯದನ್ನು ಆರಿಸಿದ. ಅಕ್ಷರಗಳು ಇರುವೆ ಸಾಲಿನಂತೆ ಹರಿದವು. ಆಮೇಲೆ ತಿಳಿಹಸಿರು ಬಣ್ಣದ ಪರದೆ ಮೂಡಿತು. ನಡುವೆ ಎರಡು ಗುಂಡಿ: ಒಂದು ಇನ್‌ಸ್ಟಾಲ್ ಮಾಡದೆ ಬಳಸಿ ನೋಡಲಿಕ್ಕೆ, ಇನ್ನೊಂದು ಇನ್‌ಸ್ಟಾಲ್ ಮಾಡಲಿಕ್ಕೆ. ಚಿಕ್ಕಳಿಯ ಬೆಣ್ಣೆಯಿಂದ ಕೂದಲು ತೆಗೆಯುವ ಎಚ್ಚರದಲ್ಲಿ ಮೊದಲನೆಯದನ್ನು ಒತ್ತಿದ. ಕಂಪ್ಯೂಟರು ಎದ್ದಿತು. ಕನ್ನಡ ಕೀಲಿಮಣೆಯನ್ನು ಹುಡುಕಿ ಸೇರಿಸಿ, ಒಂದು ಖಾಲಿ ಹಾಳೆ ತೆರೆದು ಒಂದು ಅಕ್ಷರ ಒತ್ತಿದ. ‘ಕ’ ಎಂದು ಬಂತು. ಮೊದಲ ಮಗುವಿನ ಮೊದಲ ಅಳು ಕೇಳಿದ ಹಾಗೆ ಮನೆಯವರೆಲ್ಲ ನಿಟ್ಟುಸಿರುಬಿಟ್ಟರು.

ಡಿಸ್ಕನ್ನು ತೆರೆದ. ಸಣ್ಣ ಬೀಗದ ಗುರುತು ಕಂಡಿತು, ಓದಲಿಕ್ಕೆ ಮಾತ್ರ ಎಂಬ ಸೂಚನೆ. ಒಳಗೆ ಮಾವನ ಇಪ್ಪತ್ತನಾಲ್ಕೂ ಅಧ್ಯಾಯಗಳು ಸಾಲಾಗಿ, ಕ್ಷೇಮವಾಗಿ ಕೂತಿದ್ದವು.

ಮಾವ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ‘ಒಂದು ತೆರೆದು ತೋರಿಸು’ ಎಂದರು.

ಚಿಕ್ಕಳಿಯ ಕೈಗೆ ಸಿಕ್ಕಿದ್ದನ್ನು ತೆರೆದ. ಅದು ಹದಿನೇಳನೆಯದು. ಶೀರ್ಷಿಕೆ ‘ನನ್ನ ಅಳಿಯಂದಿರು’.

ಹನ್ನೊಂದು ಪುಟ. ಓದದೆ ಇರೋಣವೆಂದರೂ ಕಣ್ಣು ಕೇಳಲಿಲ್ಲ. ಹಿರಿಯ ಅಳಿಯನ ದೂರದೃಷ್ಟಿ, ಹಿರಿಯ ಅಳಿಯನ ವಾಕ್ಚಾತುರ್ಯ, ಹಿರಿಯ ಅಳಿಯ ಕಾರು ಕೊಂಡ ಸಂದರ್ಭ. ಹನ್ನೊಂದನೇ ಪುಟದ ಕೊನೆಯಲ್ಲಿ ಎರಡು ವಾಕ್ಯ: ‘ಕಿರಿಯ ಅಳಿಯನೂ ಒಳ್ಳೆಯವನೇ. ನೀರು ಸರಬರಾಜು ಕಚೇರಿಯಲ್ಲಿದ್ದಾನೆ.’

ನೀರು ಸರಬರಾಜು ಕಚೇರಿಯ ಬಗ್ಗೆ ಅವನಿಗೆ ತಕರಾರಿರಲಿಲ್ಲ. ಚುಚ್ಚಿದ್ದು ‘ಒಳ್ಳೆಯವನೇ’ ಎನ್ನುವಲ್ಲಿನ ಆ ಏಕಾರ. ಯಾರೋ ಅಲ್ಲವೆಂದು ವಾದಿಸಿದ್ದಕ್ಕೆ ಮಾವ ಉತ್ತರ ಕೊಟ್ಟ ಹಾಗಿತ್ತು.

ಅವನು ಓದಿದ್ದನ್ನು ಮಾವ ನೋಡಿದರು. ಮಾವ ನೋಡಿದ್ದನ್ನು ಅವನು ನೋಡಿದ. ಇಬ್ಬರೂ ಕಿಟಕಿಯಿಂದ ಆಚೆ ನೋಡಿದರು.

‘ಎಲ್ಲರೂ ಸ್ವಲ್ಪ ಹೊರಗಿರಿ’ ಎಂದರು ಮಾವ ಕೊನೆಗೆ. ‘ನನಗೊಂದು ತಿದ್ದುಪಡಿ ಇದೆ.’

ಬಾಗಿಲು ಮುಚ್ಚಿತು. ಹನ್ನೊಂದೂವರೆಯಿಂದ ಎರಡರ ತನಕ ಒಳಗಿಂದ ಎರಡು ಬೆರಳಿನ ಟಕ್ ಟಕ್ ಸದ್ದು ಬಿಟ್ಟರೆ ಬೇರೇನಿಲ್ಲ. ನಡುವೆ ಒಮ್ಮೆ ಬಾಗಿಲು ಅರ್ಧ ತೆರೆದು, ‘ಇಲ್ಲಿ ಉಳಿಸೋಕಾಗಲ್ಲ, ಬೀಗ ಹಾಕಿದೆ ಅಂತಿದೆ’ ಎಂದರು.

‘ಬೇರೆ ಹೆಸರು ಕೊಟ್ಟು ಡೆಸ್ಕ್‌ಟಾಪಲ್ಲಿ ಉಳಿಸಿ ಮಾವ’ ಎಂದ ಚಿಕ್ಕಳಿಯ ಠೀವಿಯಿಂದ. ಆ ಮಾತು ಬಚ್ಚಲಿಗೆ ಹೋಗದೆಯೇ ಬಾಯಿಗೆ ಬಂದಿತ್ತು. ತನ್ನ ಸ್ವಂತದ ಮೊದಲ ಸಲಹೆ. ಹೆಂಡತಿ ಅವನತ್ತ ನೋಡಿದಳು. ಮೂರು ತಿಂಗಳ ಹಿಂದಿನ ಮಿಂಚು ಇನ್ನೂ ಅಲ್ಲೇ ಇತ್ತು.

ಊಟವಾದ ಮೇಲೆ ಮಾವ ಎಲ್ಲರನ್ನೂ ಕೋಣೆಯಲ್ಲಿ ಕೂರಿಸಿ ಹೊಸ ಅಧ್ಯಾಯ ಓದಿದರು. ಫ್ರಿಜ್ಜಿನವರೂ ಮನೆಗೆ ಹೋಗದೆ ಉಳಿದಿದ್ದರು.

‘ಲಿಫ್ಟಿನೊಳಗೆ ಹೋದವರು ಕನ್ನಡಿ ನೋಡಿಕೊಳ್ಳುತ್ತಾರೆ’ ಎಂದು ಶುರುವಾಗಿತ್ತು ಅದು. ‘ಹಗ್ಗವನ್ನು ಯಾರೂ ನೋಡುವುದಿಲ್ಲ. ನಾನು ಮೂವತ್ತೆಂಟು ವರ್ಷ ಹಗ್ಗ ನೋಡಿದವನು. ಆದರೂ ನನ್ನ ಮನೆಯ ಹಗ್ಗವನ್ನು ನೋಡಲು ನನಗೆ ಇಷ್ಟು ದಿನ ಬೇಕಾಯಿತು.’ ಆಮೇಲೆ, ಅತ್ತೆ ಆಸ್ಪತ್ರೆಯಲ್ಲಿದ್ದ ಹತ್ತೊಂಬತ್ತು ದಿನ ಕಚೇರಿ ಮುಗಿಸಿ ನೇರ ಅಲ್ಲಿಗೆ ಬಂದು, ಕಾರಿಡಾರಿನ ಬೆಂಚಿನ ಮೇಲೆ ಕಾಲು ಮಡಚಿ ಕೂತಿರುತ್ತಿದ್ದವನು ಯಾರು ಎಂಬ ಮಾತು ಬಂತು. ಕೇಳಿದರೆ ‘ಈ ಕಡೆ ಒಂದು ಕೆಲಸ ಇತ್ತು ಮಾವ’ ಅನ್ನುತ್ತಿದ್ದನಂತೆ. ಹತ್ತೊಂಬತ್ತು ದಿನವೂ ಈ ಕಡೆ ಕೆಲಸವಿರುವುದು ಹೇಗೆ ಎಂದು ತನಗೆ ಆಗ ಹೊಳೆಯಲಿಲ್ಲ ಎಂದು ಮಾವ ಬರೆದಿದ್ದರು. ಆರು ಪುಟ. ಒಂದು ಕಡೆಯೂ ‘ಒಳ್ಳೆಯವನೇ’ ಇರಲಿಲ್ಲ.

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹೆಂಡತಿ ಗೋಡೆಯ ಕಡೆ ತಿರುಗಿದಳು. ಫ್ರಿಜ್ಜಿನವರು ಗಂಟಲು ಸರಿಮಾಡಿಕೊಂಡರು. ದೊಡ್ಡಳಿಯನಿಗೆ ಮಾತ್ರ, ಹಗ್ಗ ಚಿಕ್ಕಳಿಯನಾದರೆ ಕನ್ನಡಿ ಯಾರು ಎನ್ನುವ ಲೆಕ್ಕ ನಿಧಾನವಾಗಿ ಬಗೆಹರಿಯುತ್ತಿತ್ತು. ಕೈಕಟ್ಟು ಇನ್ನಷ್ಟು ಬಿಗಿಯಾಯಿತು.

‘ಸರಿ ಇದೆಯಾ?’ ಎಂದು ಮಾವ ಚಿಕ್ಕಳಿಯನನ್ನು ಕೇಳಿದರು. ‘ಏನಾದ್ರೂ ಬಿಟ್ಟಿದ್ರೆ ನೀವೇ ಹೇಳಿ.’

‘ನೀವು’ ಅಂದಿದ್ದರು. ಚಿಕ್ಕಳಿಯ ಏನೂ ಬಿಟ್ಟಿಲ್ಲ ಎಂದು ತಲೆಯಾಡಿಸಿದ.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆಯೂ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಸಂತೋಷ ಹೆಚ್ಚಾದ ಗುಮಾಸ್ತ ಕೆಲಸ ಹುಡುಕಿಕೊಂಡು ಹೋಗುತ್ತಾನೆ. ‘ಮಾವ, ಇನ್ನೂ ಎರಡು ಗಂಟೆ ಇದೆ. ಹೇಗಿದ್ರೂ ಕೂತಿದೀನಿ, ಹೊಸ ಸಿಸ್ಟಮ್ಮನ್ನ ಪೂರ್ತಿಯಾಗಿ ಹಾಕೇಬಿಡ್ತೀನಿ. ಇನ್ನು ಹತ್ತು ವರ್ಷ ಯೋಚನೆ ಇಲ್ಲ’ ಎಂದ.

‘ಒಳಗಿರೋರು?’ ಎಂದರು ಮಾವ.

‘ಮೊದಲು ಅವರನ್ನೇ ಹೊರಗೆ ತೆಗಿಯೋದು.’

ದೊಡ್ಡಳಿಯನ ಹತ್ತಿರ ಒಂದು ಖಾಲಿ ಪೆನ್‌ಡ್ರೈವ್ ಇತ್ತು. ಅವನು ಅದನ್ನು ಕೊಟ್ಟ ರೀತಿ ಕಿಡ್ನಿ ದಾನ ಮಾಡಿದ ಹಾಗಿತ್ತು. ಚಿಕ್ಕಳಿಯ ಡಿಸ್ಕನ್ನು ತೆರೆದು, ಮಾವನ ಫೋಲ್ಡರನ್ನು ಇಡಿಯಾಗಿ ಅದಕ್ಕೆ ಕಾಪಿ ಮಾಡಿದ. ಫೋಟೋಗಳು, ಅತ್ತೆಯ ಔಷಧದ ಪಟ್ಟಿ, ಎಲ್ಲ. ಅಧ್ಯಾಯಗಳನ್ನು ಬೆರಳಿಟ್ಟು ಒಂದರಿಂದ ಇಪ್ಪತ್ತನಾಲ್ಕರ ತನಕ ಎಣಿಸಿದ. ಹೆಂಡತಿಯ ಕೈಯಲ್ಲಿ ಮತ್ತೆ ಎಣಿಕೆ ಮಾಡಿಸಿದ. ಹದಿನೇಳೂ ಇತ್ತು. ಎಲ್ಲರೂ ನೋಡಿದರು.

ಆಮೇಲೆ ಇನ್‌ಸ್ಟಾಲ್ ಗುಂಡಿ. ಭಾಷೆ ಕೇಳಿತು, ಹೆಸರು ಕೇಳಿತು, ಗಡಿಯಾರ ಕೇಳಿತು. ಕೊನೆಗೆ, ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಖಂಡಿತವೇ ಎಂದು ಕೇಳಿತು. ಮಾವ ಚಿಕ್ಕಳಿಯನ ಭುಜದ ಮೇಲೆ ಕೈ ಇಟ್ಟರು. ‘ಒತ್ತಿ’ ಎಂದರು. ಈ ಸಲ ಅವರ ದನಿಯಲ್ಲಿ ಅನುಮಾನವಿರಲಿಲ್ಲ.

ನೀಲಿ ಪಟ್ಟಿ ಉದ್ದವಾಗುತ್ತ ಹೋಯಿತು. ಅತ್ತೆ ಚಹಾ ತಂದರು. ನಾಲ್ಕೂವರೆಗೆ ಮುಗಿಯಿತು. ಪೆನ್‌ಡ್ರೈವ್ ಕಿತ್ತು ಮತ್ತೆ ಆನ್ ಮಾಡು ಎಂದಿತು. ಕಿತ್ತ. ಆನ್ ಮಾಡಿದ. ಕಂಪ್ಯೂಟರು ಹೊಸ ಸಮವಸ್ತ್ರ ಹಾಕಿಕೊಂಡ ಮಗುವಿನಂತೆ ಥಳಥಳ ಎದ್ದು ನಿಂತಿತು. ಮಾವನ ಫೋಲ್ಡರನ್ನು ವಾಪಸು ಹಾಕಿದ. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕು.

ಐದು ಗಂಟೆಗೆ ಸರಿಯಾಗಿ ಪ್ರೆಸ್ಸಿನವರು ಬಂದರು. ತೆಳ್ಳನೆಯ ಮನುಷ್ಯ, ಬೆರಳ ತುದಿಯಲ್ಲಿ ಶಾಯಿ, ಮುಖದಲ್ಲಿ ಇನ್ನೊಬ್ಬರ ಆತ್ಮಕತೆಗಳನ್ನು ಮೂವತ್ತು ವರ್ಷ ಓದಿದ ಆಯಾಸ.

‘ಒಂದು ಅಧ್ಯಾಯ ಹೊಸದು’ ಎಂದರು ಮಾವ ಉತ್ಸಾಹದಿಂದ. ‘ಇವತ್ತೇ ಬರೆದದ್ದು. ನಿಮಗೆ ಓದಿ ಹೇಳ್ತೀನಿ.’

ಹದಿನೇಳನ್ನು ತೆರೆದರು. ಹಿರಿಯ ಅಳಿಯನ ದೂರದೃಷ್ಟಿ. ಕೆಳಗೆ ಇಳಿಸಿದರು. ವಾಕ್ಚಾತುರ್ಯ. ಕಾರು. ಕಿರಿಯ ಅಳಿಯನೂ ಒಳ್ಳೆಯವನೇ.

‘ಇದು ಹಳೇದು’ ಎಂದರು ಮಾವ. ‘ಹೊಸದು ಎಲ್ಲಿ?’

‘ಡೆಸ್ಕ್‌ಟಾಪಲ್ಲಿದೆ ಮಾವ’ ಎಂದ ಚಿಕ್ಕಳಿಯ. ಡೆಸ್ಕ್‌ಟಾಪ್ ನೋಡಿದ. ತಿಳಿಹಸಿರು. ಮಳೆ ತೊಳೆದ ಅಂಗಳದಷ್ಟು ಸ್ವಚ್ಛ. ದೊಡ್ಡಳಿಯನ ಪೆನ್‌ಡ್ರೈವ್ ನೋಡಿದ. ಕಸದ ಬುಟ್ಟಿ ನೋಡಿದ. ಹುಡುಕುವ ಜಾಗದಲ್ಲಿ ‘ಹಗ್ಗ’ ಎಂದು ಬರೆದು ಹುಡುಕಿಸಿದ. ಹಗ್ಗವಿರಲಿಲ್ಲ.

‘ಯಾರನ್ನಾದ್ರೂ ಕೇಳೋದು ವಾಸಿ’ ಎಂದ ದೊಡ್ಡಳಿಯ. ಬೆಳಗ್ಗಿನಿಂದ ಅವನು ಆಡಿದ ಮೊದಲ ಸರಿಯಾದ ಮಾತು ಅದು.

ಈ ಸಲ ಬಚ್ಚಲಿಗೆ ಹೋಗಲು ವ್ಯವಧಾನವಿರಲಿಲ್ಲ. ಎಲ್ಲರ ಮುಂದೆಯೇ ಫೋನ್ ಮಾಡಿದ. ಅವಸರದಲ್ಲಿ ಸ್ಪೀಕರ್ ಒತ್ತಿಹೋಯಿತು.

‘ಡೆಸ್ಕ್‌ಟಾಪಲ್ಲಾ? ಅಯ್ಯೋ ಸರ್’ ಎಂದಿತು ಫೋನು, ಇಡೀ ಕೋಣೆಗೆ ಕೇಳುವಂತೆ. ‘ಡಿಸ್ಕಲ್ಲಿದ್ದದ್ದು ಮಾತ್ರ ಡಿಸ್ಕಲ್ಲಿ. ಲೈವ್ ಇದ್ದಾಗ ಡೆಸ್ಕ್‌ಟಾಪಲ್ಲಿ ಇಟ್ಟಿದ್ದೆಲ್ಲ ಬರೀ ಮೆಮೊರಿಲಿರತ್ತೆ, ಆಫ್ ಮಾಡಿದ ತಕ್ಷಣ ಹೋಯ್ತು. ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ನಿಮ್ಮನೇಲಿ ನಾನು ಹಾಕಿಕೊಟ್ಟಾಗಲೇ ಹೇಳಿದ್ನಲ್ಲ ಸರ್. ನೀವು ಆಗ ಚಹಾ ಮಾಡ್ತಿದ್ರಿ.’

ಚಿಕ್ಕಳಿಯ ತಟಕ್ಕನೆ ಫೋನ್ ಕಟ್ ಮಾಡಿದ.

‘ನಮ್ಮನೇಲಿ ಯಾರು ಹಾಕಿಕೊಟ್ಟಾಗ?’ ಎಂದಳು ಹೆಂಡತಿ ಮೆಲ್ಲಗೆ. ಮೂರು ತಿಂಗಳ ಮಿಂಚು ಆರಿತು.

ಚಿಕ್ಕಳಿಯ ಇಂಗು ತಿಂದ ಮಂಗನಂತೆ ಕೂತ. ಇಪ್ಪತ್ತನಾಲ್ಕು ಹಳೆಯ ಅಧ್ಯಾಯ, ನೂರಾರು ಫೋಟೋ, ಅತ್ತೆಯ ಮಾತ್ರೆಗಳ ಪಟ್ಟಿ, ಒಂದು ಚೂರೂ ಮುಕ್ಕಾಗದೆ ಉಳಿದಿತ್ತು. ಇಡೀ ಕಂಪ್ಯೂಟರಿನಲ್ಲಿ ಹಾಳಾದದ್ದು ಆರೇ ಆರು ಪುಟ, ಅವನ ಆರು ಪುಟ. ಹಾಳು ಮಾಡಿದ್ದು ಅವನೇ, ಎರಡೆರಡು ಸಲ ಎಣಿಸಿ.

‘ಮಾವ, ಇನ್ನೊಂದು ಸಲ ಬರೀಬಹುದಲ್ಲ’ ಎಂದ ಕ್ಷೀಣವಾಗಿ. ‘ನನಗೆ ಪೂ‌ರ್ತಿ ನೆನಪಿದೆ. ಬೇಕಾದ್ರೆ ನಾನೇ ಹೇಳ್ತೀನಿ.’

ಹೇಳಿದ ಮೇಲೆ ಅದು ಹೇಗೆ ಕೇಳಿಸಿತೆಂದು ಅವನಿಗೇ ತಿಳಿಯಿತು. ದೊಡ್ಡಳಿಯ ಕೆಮ್ಮಿದ.

ಮಾವ ತಲೆ ಅಲ್ಲಾಡಿಸಿದರು. ‘ಬಂದ ಪ್ರೀತಿ, ಬಂದ ಸಿಟ್ಟು, ಎರಡೂ ಅದೇ ರೂಪದಲ್ಲಿ ಎರಡನೇ ಸಲ ಬರಲ್ಲ. ಈಗ ಏನಿದೆಯೋ ಅದನ್ನೇ ಬರೀಬೇಕು.’ ಪ್ರೆಸ್ಸಿನವರ ಕಡೆ ತಿರುಗಿದರು. ‘ನನಗೊಂದು ಗಂಟೆ ಕೊಡಿ. ಚಹಾ ಕುಡೀತಿರಿ. ನೀನು ಏಳು ಅಲ್ಲಿಂದ.’

ಕೊನೆಯದು ಚಿಕ್ಕಳಿಯನಿಗೆ ಹೇಳಿದ್ದು. ‘ನೀನು’ ವಾಪಸು ಬಂದಿತ್ತು.

ಈ ಸಲ ಟಕ್ ಟಕ್ ಸದ್ದಿಗೆ ತಡೆಯಿರಲಿಲ್ಲ. ಎಣ್ಣೆ ಹಾಕಿದ ಕೀಲಿಮಣೆ ಕುದುರೆಯ ಹಾಗೆ ಓಡಿತು. ಒಳಗಿನಿಂದ ಒಂದೆರಡು ಸಲ ಮಾವ ತಮ್ಮಷ್ಟಕ್ಕೆ ನಕ್ಕದ್ದೂ ಕೇಳಿಸಿತು. ಹೊರಗೆ ಹೆಂಡತಿ ಅವನ ಪಕ್ಕದಲ್ಲಿ ಕೂತಿದ್ದಳು, ಆದರೆ ಇನ್ನೊಂದು ಕುರ್ಚಿಯಲ್ಲಿ. ಅತ್ತೆ ಮಾತ್ರ ಬಂದು, ‘ಅದಕ್ಕೇ ಅಷ್ಟು ಸಲ ಬಚ್ಚಲಿಗೆ ಹೋಗಿದ್ದು ಅನ್ನಿ. ನಾನು ಹೆದರಿಕೊಂಡಿದ್ದೆ’ ಎಂದು ಸಮಾಧಾನ ಹೇಳಿದರು.

ಆರೂಕಾಲಿಗೆ ಮಾವ ಎಲ್ಲರನ್ನೂ ಕರೆದು ಓದಿದರು.

ಬೂಟು ಬೂಟು ಎನ್ನುವಲ್ಲಿಂದ ಶುರು. ನಲ್ಲಿಯ ಮಳೆ, ಉಪ್ಪು ಸಕ್ಕರೆಯ ಲೋಟ, ಡಿಲೀಟ್ ಗುಂಡಿ, ಗ್ಯಾಸ್ ಹೋದದ್ದು, ಬಾಲ್ಕನಿಯ ಹೊದಿಕೆಯ ಹಿಂದಿನಿಂದ ಬಂದ ಹೆಣ್ಣುಮಗಳ ದನಿ, ಒಂದೂ ತಪ್ಪಿರಲಿಲ್ಲ. ಮಾವನಿಗೆ ಎಲ್ಲವೂ ಕೇಳಿಸಿತ್ತು. ಯಂತ್ರಗಳ ಸದ್ದು ಕೇಳಿಯೇ ಬದುಕಿದ ಕಿವಿ ಅದು. ‘ನನ್ನ ವೃತ್ತಿಯಲ್ಲಿ ನೂರಾರು ಜನರನ್ನು ಲಿಫ್ಟಿನಿಂದ ಹೊರಗೆ ತೆಗೆದಿದ್ದೇನೆ’ ಎಂದು ಓದಿದರು. ‘ಆದರೆ ಎಲ್ಲರನ್ನೂ ಎಣಿಸಿ ಎಣಿಸಿ ಹೊರಗೆ ತೆಗೆದು, ತನ್ನೊಬ್ಬನನ್ನೇ ಒಳಗೆ ಬಿಟ್ಟು ಬಾಗಿಲು ಹಾಕಿದವನನ್ನು ನಾನು ನೋಡಿದ್ದು ಇದೇ ಮೊದಲು.’

ಫ್ರಿಜ್ಜಿನವರು ನೆಲಕ್ಕೆ ಕೂತು ನಕ್ಕರು. ಅತ್ತೆಗೆ ಮೂರು ವರ್ಷದಲ್ಲಿ ಒಂದು ಅಧ್ಯಾಯವೂ ನಿದ್ದೆ ಬರದೆ ಮುಗಿದಿರಲಿಲ್ಲ. ಇವತ್ತು ‘ಅದನ್ನ ಇನ್ನೊಂದ್ಸಲ ಓದಿ’ ಅಂದರು. ಹೆಂಡತಿ ನಗಬಾರದೆಂದು ತುಟಿ ಕಚ್ಚಿ, ಸೋತು, ಗಂಡನ ಭುಜಕ್ಕೆ ಹಣೆ ಒತ್ತಿ ನಕ್ಕಳು. ಕುರ್ಚಿ ಯಾವಾಗ ಹತ್ತಿರ ಬಂತೋ ಅವನಿಗೆ ಗೊತ್ತಾಗಲಿಲ್ಲ.

ಪ್ರೆಸ್ಸಿನವರ ಮುಖದ ಮೂವತ್ತು ವರ್ಷದ ಆಯಾಸ ಕರಗಿಹೋಗಿತ್ತು.

‘ಯಜಮಾನ್ರೇ’ ಎಂದರು ಕಣ್ಣೊರೆಸಿಕೊಂಡು, ‘ನಿಮ್ಮ ಮಿಕ್ಕ ಅಧ್ಯಾಯಗಳನ್ನ ನಾನು ಹಿಂದೆ ಇಲ್ಲೇ ಕೂತು ನೋಡಿದೀನಿ. ಬೇಜಾರು ಮಾಡ್ಕೋಬೇಡಿ, ಅವು ನಿಮ್ಮ ನೆಂಟರು ಓದೋಕೆ. ಇದು ಊರು ಓದತ್ತೆ. ಇದನ್ನ ಮೊದಲನೇ ಅಧ್ಯಾಯ ಮಾಡೋಣ. ಆ ‘ಮೇಲೆ ಕೆಳಗೆ’ ಅನ್ನೋ ಹೆಸರೂ ಬೇಡ, ಪುಸ್ತಕದ ಬೆನ್ನ ಮೇಲೆ ಹಿಡಿಸಲ್ಲ.’ ಒಂದು ಗಳಿಗೆ ಸೂರು ನೋಡಿದರು. ‘‘ಅಳಿಯ ಅಳಿಸಿದ್ದು’ ಅಂತ ಇಡಿ.’

ಮಾವ ಅದನ್ನು ಎರಡು ಸಲ ಬಾಯಲ್ಲಿ ಆಡಿಸಿದರು. ಮುಖ ಅರಳಿತು.

‘ಮಾವ’ ಎಂದ ಚಿಕ್ಕಳಿಯ. ಅವನ ದನಿ ಅವನಿಗೇ ಕೇಳಿಸಲಿಲ್ಲ. ‘ಆ ಹಳೇ ಎರಡು ಸಾಲೇ ಇರ್ಲಿ. ಒಳ್ಳೆಯವನೇ ಅಂತಾನೇ ಇರ್ಲಿ. ನನಗೇನೂ ಬೇಜಾರಿಲ್ಲ.’

‘ಸುಮ್ನಿರು’ ಎಂದರು ಮಾವ ಅಕ್ಕರೆಯಿಂದ, ಅವನ ಬೆನ್ನು ತಟ್ಟಿ. ‘ಈ ಕುಟುಂಬದಲ್ಲಿ ಯಾರ ಹೆಸರಲ್ಲೂ ಒಂದು ಪುಸ್ತಕ ಇಲ್ಲ. ನಿನಗೆ ಬಂತು.’

ಪ್ರೆಸ್ಸಿನವರು ಫೈಲನ್ನು ತಮ್ಮ ಪೆನ್‌ಡ್ರೈವಿಗೆ ಹಾಕಿಕೊಂಡು ಎದ್ದರು. ಬಾಗಿಲ ಹತ್ತಿರ ಹೋದವರು ನಿಂತು ತಿರುಗಿದರು. ‘ಮುಖಪುಟಕ್ಕೆ ಕಿರಿಯ ಅಳಿಯಂದಿರ ಫೋಟೋ ಒಂದು ಬೇಕಲ್ಲ. ಒಳ್ಳೇದು ಯಾವುದಾದ್ರೂ ಇದೆಯಾ?’

ದೊಡ್ಡಳಿಯ ಕಟ್ಟಿದ ಕೈ ಬಿಚ್ಚಿದ. ಕಿಸೆಯಿಂದ ಫೋನ್ ತೆಗೆದು, ಬೆರಳಿನಿಂದ ಎರಡು ಸಲ ಸರಿಸಿ, ಪ್ರೆಸ್ಸಿನವರ ಮುಂದೆ ಹಿಡಿದ.

ಮೇಜು. ಮೇಜಿನ ಕೆಳಗೆ ಮಂಡಿಯೂರಿದ ಒಬ್ಬ ಮನುಷ್ಯನ ಹಿಂಭಾಗ, ಟಾರ್ಚಿನ ಬೆಳಕಿನಲ್ಲಿ, ಬಹಳ ಸ್ಪಷ್ಟವಾಗಿ. ಮುಖ ಮಾತ್ರ ಕಾಣುತ್ತಿರಲಿಲ್ಲ.

‘ಇದೇ’ ಎಂದರು ಪ್ರೆಸ್ಸಿನವರು.